ಹೊಟ್ಟೆಯ ಮೇಲಿನ ಚೀಲ: ಮುಚ್ಚಿಸುವುದೋ, ಕಾಯುವುದೋ, ಹಾಗೇ ಇರಲಿ ಎನ್ನುವುದೋ

"ಮೇಷ್ಟ್ರೇ, ತೆಗೆಸಲೋ ಬೇಡವೋ, ಒಂದೇ ಮಾತಲ್ಲಿ ಹೇಳಿಬಿಡಿ." ಫೋನ್ ಮಾಡಿದವರೆಲ್ಲ ಕೊನೆಗೆ ಬಂದು ನಿಲ್ಲುವುದು ಇಲ್ಲಿಗೇ. ನನ್ನ ಹೊಟ್ಟೆಯ ಬಲಗಡೆ ಹತ್ತು ತಿಂಗಳು ಮೋಷನ್ ಚೀಲ ಇತ್ತು, ಈಗ ಇಲ್ಲ ಅನ್ನುವುದು ಒಬ್ಬರ ಬಾಯಿಂದ ಒಬ್ಬರಿಗೆ ಹೋಗಿ, ಸಿರಾ, ತಿಪಟೂರು, ಮಧುಗಿರಿ ಕಡೆಯಿಂದೆಲ್ಲ ಜನ ಕೇಳುತ್ತಾರೆ. ಈಚೆಗೆ ಒಂದೇ ವಾರದಲ್ಲಿ ಮೂವರು ಕೇಳಿದರು. ಟೈಫಾಯಿಡ್‌ನಲ್ಲಿ ಸಣ್ಣಕರುಳು ತೂತಾಗಿ ರಾತ್ರೋರಾತ್ರಿ ಆಪರೇಷನ್ ಆದ ಇಪ್ಪತ್ನಾಲ್ಕರ ಹುಡುಗನ ತಂದೆ ಒಬ್ಬರು. ಗುದನಾಳದ ಕ್ಯಾನ್ಸರ್‌ಗೆ ರೇಡಿಯೇಷನ್, ಆಪರೇಷನ್ ಎರಡೂ ಆದ ಬಸ್ ಡ್ರೈವರ್ ಇನ್ನೊಬ್ಬರು. ದೊಡ್ಡಕರುಳು ತಿರುಚಿಕೊಂಡು ಕೊಳೆತು, ಅದನ್ನು ಕತ್ತರಿಸಿ ತೆಗೆದ ಎಪ್ಪತ್ತೊಂದರ ಅಜ್ಜಿಯ ಮಗ ಮೂರನೆಯವರು. ಮೂವರಿಗೂ ಸಿಕ್ಕ ಉತ್ತರ ಬೇರೆ ಬೇರೆ. ಯಾಕೆ ಅನ್ನುವುದನ್ನು ಇಲ್ಲಿ ಬರೆಯುತ್ತೇನೆ. ನಾನು ಡಾಕ್ಟರಲ್ಲ, ಹೈಸ್ಕೂಲಿನಲ್ಲಿ ಗಣಿತ ಹೇಳುವವನು. ತೀರ್ಮಾನ ನಿಮ್ಮ ಸರ್ಜನ್ ಜೊತೆ ಕೂತೇ ಆಗಬೇಕು. ಆದರೆ ಕೂತಾಗ ಏನು ಕೇಳಬೇಕು ಅನ್ನುವುದು ಗೊತ್ತಿದ್ದರೆ ಆ ಹತ್ತು ನಿಮಿಷ ಸಾರ್ಥಕವಾಗುತ್ತದೆ.

ಮೊದಲು ಡಿಸ್ಚಾರ್ಜ್ ಸಮ್ಮರಿ ತೆಗೆದು ನಿಮ್ಮದು ಯಾವ ಸ್ಟೋಮಾ, ಅಂದರೆ ಹೊಟ್ಟೆಯ ಮೇಲೆ ಮಾಡಿದ ಕರುಳಿನ ಬಾಯಿ ಯಾವ ಬಗೆಯದು ಎಂದು ನೋಡಿ. 'ಲೂಪ್ ಇಲಿಯಾಸ್ಟಮಿ' ಎಂದಿದ್ದರೆ ಸಣ್ಣಕರುಳಿನ ಒಂದು ಮಡಿಕೆಯನ್ನು ಹೊರಗೆ ಎಳೆದು ಬಾಯಿ ಮಾಡಿದ್ದಾರೆ. ಕೆಳಗೆ ಹೊಲಿದ ಜಾಗ ವಾಸಿಯಾಗಲಿ ಎಂದು ಮಲವನ್ನು ದಾರಿ ತಪ್ಪಿಸುವ ಏರ್ಪಾಡು ಅದು, ಮಾಡುವಾಗಲೇ ಮುಚ್ಚುವ, ಅಂದರೆ ಕರುಳನ್ನು ಮತ್ತೆ ಜೋಡಿಸಿ ಒಳಗೆ ಹಾಕುವ ಯೋಚನೆ ಇಟ್ಟುಕೊಂಡು ಮಾಡಿದ್ದು. ನನ್ನದು, ಡ್ರೈವರದು ಇದೇ. ಹುಡುಗನಿಗೂ ಇಲಿಯಾಸ್ಟಮಿಯೇ, ಕಾರಣ ಮಾತ್ರ ಬೇರೆ. 'ಹಾರ್ಟ್‌ಮನ್' ಎಂದಿದ್ದರೆ ದೊಡ್ಡಕರುಳಿನ ಒಂದು ತುದಿ ಹೊಟ್ಟೆಯ ಮೇಲಿದೆ, ಇನ್ನೊಂದು ತುದಿಯನ್ನು ಒಳಗೇ ಹೊಲಿದು ಬಿಟ್ಟಿದ್ದಾರೆ. ಅಜ್ಜಿಯದು ಇದು. 'ಎಪಿಆರ್' ಎಂದಿದ್ದರೆ ಗುದದ್ವಾರವನ್ನೇ ತೆಗೆದು ಹೊಲಿದಿದ್ದಾರೆ. ಅಲ್ಲಿ ಮತ್ತೆ ಜೋಡಿಸುವ ಪ್ರಶ್ನೆ ಏಳುವುದಿಲ್ಲ, ಚೀಲ ಶಾಶ್ವತ.

ಅಳೆಯಬೇಕಾದದ್ದು

ಸ್ಟೋಮಾ ಯಾಕೆ ಮಾಡಿದರೋ ಆ ಕಾರಣ ತೀರಿದೆಯೇ? ಕ್ಯಾನ್ಸರ್ ಆದರೆ ಸಿಟಿ ಸ್ಕ್ಯಾನ್ ಮತ್ತು ಕ್ಯಾನ್ಸರ್ ಸುಳಿವು ನೋಡುವ ಸಿಇಎ ರಕ್ತಪರೀಕ್ಷೆ ಸರಿ ಇರಬೇಕು. ಕರುಳಿನ ಕ್ಷಯ ಆದರೆ ಮಾತ್ರೆಯ ಕೋರ್ಸ್ ಎಲ್ಲಿಯವರೆಗೆ ಬಂದಿದೆ ನೋಡಬೇಕು.

ಕೆಳಗಿನ ಜೋಡಣೆ ಕೂಡಿಕೊಂಡಿದೆಯೇ? ಇದಕ್ಕೆ ಡೈ ಬಿಟ್ಟು ಎಕ್ಸ್‌ರೇ ತೆಗೆಯುತ್ತಾರೆ, ಸ್ಕೋಪ್ ಹಾಕಿ ನೋಡುತ್ತಾರೆ, ಬೆರಳಿನಿಂದ ಮುಟ್ಟಿ ನೋಡುತ್ತಾರೆ. ಎಲ್ಲೋ ಸೋರಿಕೆ ಇದೆ, ಕಿರಿದಾಗಿದೆ ಎಂದರೆ ಅದು ಸರಿಯಾಗುವ ತನಕ ಮುಚ್ಚುವ ಮಾತೇ ಇಲ್ಲ.

ಮೈಯಲ್ಲಿ ಕಸುವಿದೆಯೇ? ಹಿಮೋಗ್ಲೋಬಿನ್, ಆಲ್ಬುಮಿನ್ (ರಕ್ತದಲ್ಲಿನ ಪ್ರೋಟೀನ್), ಸಕ್ಕರೆ ಈ ಮೂರೂ ಹತೋಟಿಗೆ ಬರಲಿ. ಬೀಡಿ, ಸಿಗರೇಟು ಬಿಟ್ಟು ಕೆಲವು ವಾರ ಆಗಿರಲಿ, ಹೊಗೆ ಸೇದುವವರ ಗಾಯ ಕೂಡುವುದು ನಿಧಾನ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು, ಎಲ್ಲಕ್ಕಿಂತ ಕಡಿಮೆ ಕೇಳುವಂಥದ್ದು: ತಡೆದುಕೊಳ್ಳುವ ಶಕ್ತಿ. ಗುದನಾಳ ಎಂದರೆ ಬರೀ ಕೊಳವೆ ಅಲ್ಲ, ಸಮಯ ಬರುವ ತನಕ ಹಿಡಿದಿಡುವ ಸಂಪು. ಕ್ಯಾನ್ಸರ್ ಆಪರೇಷನ್‌ನಲ್ಲಿ ಆ ಸಂಪನ್ನೇ ತೆಗೆದು, ಮೇಲಿನ ಕರುಳನ್ನು ಎಳೆದು ಗುದದ್ವಾರದ ಹತ್ತಿರಕ್ಕೆ ಹೊಲಿಯುತ್ತಾರೆ. ಜೋಡಣೆ ಎಷ್ಟು ಕೆಳಗಿದೆಯೋ ಅಷ್ಟು ಕಷ್ಟ, ರೇಡಿಯೇಷನ್ ಆಗಿದ್ದರೆ ಇನ್ನಷ್ಟು. ಹಾಗಾಗಿ "ನನ್ನ ಜೋಡಣೆ ಗುದದ್ವಾರದಿಂದ ಎಷ್ಟು ಸೆಂಟಿಮೀಟರ್ ಮೇಲಿದೆ?" ಎಂದು ಬಾಯಿಬಿಟ್ಟು ಕೇಳಿ. ನಾನು ಕೇಳಿರಲಿಲ್ಲ. ಮಾಂಸಖಂಡದ ಬಿಗಿ ಅಳೆಯುವ ಮ್ಯಾನೊಮೆಟ್ರಿ ಪರೀಕ್ಷೆ ದೊಡ್ಡ ಆಸ್ಪತ್ರೆಗಳಲ್ಲಿದೆ. ಅದಿಲ್ಲದ ಕಡೆ ಕೆಲವು ಸರ್ಜನ್‌ಗಳು ಕೆಳಗಿನಿಂದ ಎನಿಮಾ ಕೊಟ್ಟು ಎಷ್ಟು ಹೊತ್ತು ಹಿಡಿದುಕೊಳ್ಳುತ್ತೀರಿ ಎಂದು ನೋಡುತ್ತಾರೆ.

ಕೊನೆಯದು ನಿಮ್ಮ ದಿನ. ಕೆಲಸದ ಜಾಗದಿಂದ ಕಕ್ಕಸಿಗೆ ಎಷ್ಟು ಹೆಜ್ಜೆ? ಮನೆಯಲ್ಲಿ ಎಷ್ಟು ಜನಕ್ಕೆ ಒಂದು ಕಕ್ಕಸು? ಕೆಳಗೆ ಕೂರುವುದೋ, ಕಮೋಡೋ? ಇವನ್ನು ಸಣ್ಣ ಮಾತು ಅಂದುಕೊಳ್ಳಬೇಡಿ, ಡ್ರೈವರ್ ವಿಷಯ ತೀರ್ಮಾನ ಆದದ್ದೇ ಇದರಿಂದ.

ಆದಷ್ಟು ಬೇಗ ಮುಚ್ಚಿಸುವುದು

ಲೂಪ್ ಇಲಿಯಾಸ್ಟಮಿಗೆ ಸಾಮಾನ್ಯವಾಗಿ ಹೇಳುವ ಲೆಕ್ಕ 8ರಿಂದ 12 ವಾರ. ಅಷ್ಟರಲ್ಲಿ ಒಳಗಿನ ಊತ ಇಳಿದು ಅಂಟಿಕೊಂಡದ್ದು ಸಡಿಲವಾಗಿರುತ್ತದೆ. ಡೆನ್ಮಾರ್ಕ್, ಸ್ವೀಡನ್‌ಗಳಲ್ಲಿ ಆಯ್ದ ರೋಗಿಗಳಿಗೆ 8ರಿಂದ 13 ದಿನಕ್ಕೇ ಮುಚ್ಚಿ ನೋಡಿದ್ದಾರೆ, ಫಲಿತಾಂಶ ಚೆನ್ನಾಗಿಯೇ ಬಂದಿದೆ. ಆದರೆ ಅದು ಜೋಡಣೆಯಲ್ಲಿ ಒಂದಿಷ್ಟೂ ದೋಷ ಇಲ್ಲದವರನ್ನು ಆರಿಸಿ ಮಾಡಿದ್ದು. ಅದನ್ನು ತೋರಿಸಿ ಸರ್ಜನ್ ಜೊತೆ ಜಗಳ ಆಡಬೇಡಿ.

ಬೇಗ ಮುಚ್ಚಿಸುವುದರ ದೊಡ್ಡ ಲಾಭ ನೀರು ಮತ್ತು ಉಪ್ಪಿನದು. ಇಲಿಯಾಸ್ಟಮಿಯಿಂದ ದಿನಕ್ಕೆ ಒಂದೂವರೆ ಲೀಟರ್ ದಾಟಿ ಹೋಗುತ್ತಿದ್ದರೆ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ. ಏಪ್ರಿಲ್, ಮೇ ಬಿಸಿಲಿನಲ್ಲಿ ರಾಯಚೂರು, ಕಲಬುರಗಿಯ ಕಡೆಯವರಿಗಂತೂ ಇದು ಲೆಕ್ಕಕ್ಕೆ ಇಡಲೇಬೇಕಾದ ಮಾತು. ಬಾಯಾರಿತು ಎಂದು ಬರೀ ನೀರು ಕುಡಿಯುತ್ತಾ ಹೋದರೆ ಅದು ಉಪ್ಪನ್ನೂ ಎಳೆದುಕೊಂಡು ಚೀಲಕ್ಕೇ ಇಳಿಯುತ್ತದೆ, ಓಆರ್‌ಎಸ್ ಬೇಕು. ಹೀಗೆ ಪದೇ ಪದೇ ಡ್ರಿಪ್ ಹಾಕಿಸಿಕೊಳ್ಳುವ ಪಾಡಿನವರು ಕಾಯುವುದರಲ್ಲಿ ಅರ್ಥವಿಲ್ಲ.

ಟೈಫಾಯಿಡ್ ಹುಡುಗನಿಗೆ ನಾನು ಇದನ್ನೇ ಹೇಳಿದೆ. ಅವನ ದೊಡ್ಡಕರುಳು, ಗುದನಾಳ ಎರಡಕ್ಕೂ ಕತ್ತರಿ ಬಿದ್ದಿಲ್ಲ. ಮುಚ್ಚಿದ ಮೇಲೆ ಒಂದೆರಡು ತಿಂಗಳ ತೊಂದರೆ ಕಳೆದು ಹೆಚ್ಚುಕಡಿಮೆ ಮೊದಲಿನಂತೆಯೇ ಆಗುವ ಭಾಗ್ಯ ಇಂಥವರಿಗೇ. ಆದರೆ ಆಗ ಅವನ ತೂಕ ನಲವತ್ತೆರಡು ಕೆ.ಜಿ. "ದಿನಕ್ಕೆ ಎರಡು ಮೊಟ್ಟೆ, ಬೇಳೆ, ಮೊಸರು ಕೊಟ್ಟು ಮೈ ತುಂಬಿಸಿ, ಆಮೇಲೆ ಡೇಟ್ ಕೇಳಿ" ಅಂದೆ.

ಕಾದು ಮುಚ್ಚಿಸುವುದು

ಕಿಮೋ ಬಾಕಿ ಇದ್ದವರಿಗೆ ಬಹುತೇಕ ಈ ದಾರಿಯೇ. ಮುಚ್ಚಿದ ಮೇಲೆ ತೊಡಕಾದರೆ ಕಿಮೋ ಮುಂದಕ್ಕೆ ಹೋಗುತ್ತದೆ, ಕ್ಯಾನ್ಸರ್ ವಿಷಯದಲ್ಲಿ ಅದನ್ನು ಯಾರೂ ಒಪ್ಪುವುದಿಲ್ಲ. ಹಾಗಾಗಿ ಕಿಮೋ ಮುಗಿಸಿ, ರಕ್ತದ ಕಣಗಳ ಲೆಕ್ಕ ಸರಿಹೋಗಲು ಕೆಲವು ವಾರ ಬಿಟ್ಟು ಮುಚ್ಚುತ್ತಾರೆ. ನನ್ನ ಹತ್ತು ತಿಂಗಳಾದದ್ದು ಹೀಗೆ.

ಕಾಯುವುದಕ್ಕೂ ಬೆಲೆ ಇದೆ. ಬಳಸದ ಕೆಳಗಿನ ಕರುಳು ಕಿರಿದಾಗುತ್ತದೆ, ಬಿಗಿಹಿಡಿಯುವ ಮಾಂಸಖಂಡ ಸೋಮಾರಿಯಾಗುತ್ತದೆ. ಆರು ತಿಂಗಳು ದಾಟಿದ ಮೇಲೆ ಮುಚ್ಚಿದವರಲ್ಲಿ ಆಮೇಲಿನ ಕಾಟ ಹೆಚ್ಚು ಎಂದು ತೋರಿಸಿದ ಅಧ್ಯಯನಗಳಿವೆ. ಕಾಯುವ ತಿಂಗಳುಗಳಲ್ಲಿ ಮಾಡಬಹುದಾದ ಕೆಲಸ ಒಂದೇ, ಅದೂ ಪುಕ್ಕಟೆ: ಗ್ಯಾಸ್ ತಡೆಯುವಾಗ ಬಿಗಿಯುತ್ತೇವಲ್ಲ, ಆ ಮಾಂಸಖಂಡವನ್ನು ಬಿಗಿದು, ಐದಾರು ಎಣಿಸಿ, ಬಿಡುವುದು. ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಹತ್ತು ಸಲ. ಫಿಸಿಯೋಥೆರಪಿಸ್ಟ್ ಒಮ್ಮೆ ತೋರಿಸಿಕೊಟ್ಟರೆ ಸಾಕು. ನಾನು ಪರೀಕ್ಷಾ ಕೊಠಡಿಯಲ್ಲಿ ಮೇಲ್ವಿಚಾರಣೆಗೆ ನಿಂತಲ್ಲೇ ಮಾಡುತ್ತಿದ್ದೆ, ಯಾರಿಗೂ ಗೊತ್ತಾಗುವುದಿಲ್ಲ.

ಇನ್ನೊಂದು, ಚೀಲ ಇದ್ದಾಗಲೂ ಕೆಳಗಿನಿಂದ ಆಗಾಗ ಲೋಳೆ ಬರುತ್ತದೆ. ಹೆದರಬೇಡಿ, ಖಾಲಿ ಕರುಳು ಸುಮ್ಮನೆ ಕೂರುವುದಿಲ್ಲ. ರಕ್ತ ಬಂದರೆ ಮಾತ್ರ ತೋರಿಸಿ.

ಹಾಗೇ ಇರಲಿ ಎನ್ನುವುದು

ಇದನ್ನು ಸೋಲು ಎಂದು ನೋಡುವವರೇ ಹೆಚ್ಚು. ಮನೆಯವರು, ನೆಂಟರು, ಕೆಲವೊಮ್ಮೆ ಡಾಕ್ಟರೂ ಸಹ. ಗುದನಾಳದ ಆಪರೇಷನ್‌ನಲ್ಲಿ 'ತಾತ್ಕಾಲಿಕ' ಎಂದು ಮಾಡಿದ ಸ್ಟೋಮಾಗಳಲ್ಲಿ ಸುಮಾರು ಐದಕ್ಕೆ ಒಂದು ಕೊನೆಗೂ ಮುಚ್ಚುವುದೇ ಇಲ್ಲ ಎನ್ನುವುದು ಗೊತ್ತಿದ್ದರೆ ಮನಸ್ಸು ಸ್ವಲ್ಪ ಹಗುರಾದೀತು.

ಬಸ್ ಡ್ರೈವರ್ ಕಥೆ ಹೇಳುತ್ತೇನೆ. ಅವರ ಜೋಡಣೆ ಗುದದ್ವಾರಕ್ಕೆ ತೀರ ಹತ್ತಿರ, ರೇಡಿಯೇಷನ್ ಬೇರೆ. ಎನಿಮಾ ಪರೀಕ್ಷೆಯಲ್ಲಿ ಎರಡು ನಿಮಿಷವೂ ತಡೆಯಲಾಗಲಿಲ್ಲ. ರೂಟು ಎರಡೂವರೆ ಗಂಟೆಯದು, ನಡುವೆ ಒಂದೇ ಸ್ಟಾಪ್. ಈಗ ಹೊರಡುವ ಮುಂಚೆ ಚೀಲ ಖಾಲಿ ಮಾಡಿ, ರೂಟಿನ ಇನ್ನೊಂದು ತುದಿಯಲ್ಲಿ ಮತ್ತೆ ಖಾಲಿ ಮಾಡಿ, ದಿನ ತೆಗೆಯುತ್ತಾರೆ. "ಚೀಲ ನನ್ನ ಮಾತು ಕೇಳುತ್ತೆ ಮೇಷ್ಟ್ರೇ. ತೆಗೆಸಿದ ಮೇಲೆ ಕೇಳುತ್ತೆ ಅಂತ ಏನು ಗ್ಯಾರಂಟಿ?" ಅಂದರು. ಅವರಿಗೆ ನಾನು ಉತ್ತರ ಹೇಳಬೇಕಾಗಿಯೇ ಬರಲಿಲ್ಲ. ನಿವೃತ್ತಿಗೆ ನಾಲ್ಕು ವರ್ಷ ಇದೆ, ಆಮೇಲೆ ನೋಡೋಣ ಎಂದು ಸರ್ಜನ್‌ಗೆ ಹೇಳಿ ಬಂದಿದ್ದಾರೆ. ತಡವಾದಷ್ಟೂ ಫಲ ಕಡಿಮೆ ಅನ್ನುವುದೂ ಅವರಿಗೆ ಗೊತ್ತು.

ಶಾಶ್ವತವಾಗಿ ಇಟ್ಟುಕೊಳ್ಳುವುದೇ ಆದರೆ ಇಲಿಯಾಸ್ಟಮಿಯನ್ನು ಕೊಲಾಸ್ಟಮಿಗೆ, ಅಂದರೆ ದೊಡ್ಡಕರುಳಿನ ಸ್ಟೋಮಾಗೆ ಬದಲಾಯಿಸಬಹುದೇ ಎಂದು ಕೇಳಿ. ಇನ್ನೊಂದು ಆಪರೇಷನ್ ಬೇಕು, ನಿಜ. ಆದರೆ ಎಡಗಡೆಯ ಕೊಲಾಸ್ಟಮಿಯಲ್ಲಿ ಮಲ ಗಟ್ಟಿ, ಚರ್ಮ ಸುಡುವುದು ಕಡಿಮೆ, ನೀರಿನ ನಷ್ಟವಿಲ್ಲ. ಇನ್ನೂ ಒಂದು ಅನುಕೂಲ: ಸ್ಟೋಮಾಗೇ ಉಗುರುಬೆಚ್ಚಗಿನ ನೀರು ಬಿಟ್ಟು ತೊಳೆಯುವ 'ಇರಿಗೇಷನ್' ಕಲಿತರೆ ಒಂದೆರಡು ದಿನ ಏನೂ ಬಾರದಂತೆ ಇರಬಹುದು. ತೊಂದರೆಯ ಬದಿಯಲ್ಲಿ ಹರ್ನಿಯಾ ಇದೆ, ಕರುಳು ಹೊರಗೆ ಜಾರುವುದು ಇದೆ, ಜೀವನಪೂರ್ತಿ ಚೀಲದ ಖರ್ಚಿದೆ.

ಅಜ್ಜಿಯ ವಿಷಯ ಬೇರೆಯೇ. ಹಾರ್ಟ್‌ಮನ್ ಮುಚ್ಚುವುದು ಸ್ಟೋಮಾದ ಸುತ್ತ ಕೊಯ್ದು ಮುಗಿಸುವ ಕೆಲಸವಲ್ಲ. ಒಳಗೆ ಬಿಟ್ಟ ತುದಿಯನ್ನು ಹುಡುಕಿ, ಅಂಟಿಕೊಂಡದ್ದನ್ನೆಲ್ಲ ಬಿಡಿಸಿ ಜೋಡಿಸಬೇಕು. ಹೊಟ್ಟೆ ಮತ್ತೆ ತೆರೆಯಬಹುದು ಅಥವಾ ಲ್ಯಾಪ್ರೊಸ್ಕೋಪಿ, ಹೇಗಾದರೂ ಮೊದಲ ಆಪರೇಷನ್‌ನಷ್ಟೇ ದೊಡ್ಡದು. ಹಾರ್ಟ್‌ಮನ್ ಆದವರಲ್ಲಿ ದೊಡ್ಡ ಪಾಲು ಮುಚ್ಚಿಸಿಕೊಳ್ಳದೆ ಉಳಿಯುವುದು ಇದಕ್ಕೇ. ಅಜ್ಜಿಗೆ ಹೃದಯದ ತೊಂದರೆ ಇದೆ, ಸೊಸೆ ಚೀಲ ಬದಲಿಸಲು ಕಲಿತಿದ್ದಾಳೆ. "ನಿಮಗೆ ಬೇಜಾರೋ, ಅಮ್ಮನಿಗೆ ಬೇಜಾರೋ?" ಎಂದು ಮಗನನ್ನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂಗೇ ಸರ್" ಅಂದರು.

ಮುಚ್ಚಿಸಿದರೆ ಮುಂದೇನು

ಲೂಪ್ ಇಲಿಯಾಸ್ಟಮಿ ಮುಚ್ಚುವುದು ಒಂದೆರಡು ಗಂಟೆಯ ಕೆಲಸ, ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಮೂರರಿಂದ ಐದು ದಿನ. ಸಣ್ಣದು ಎನ್ನುತ್ತಾರೆ, ಅಷ್ಟು ಸಣ್ಣದೂ ಅಲ್ಲ. 48 ಅಧ್ಯಯನಗಳ 6,107 ರೋಗಿಗಳನ್ನು ಒಟ್ಟು ಸೇರಿಸಿ 2009ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ನೂರಕ್ಕೆ 17 ಮಂದಿಗೆ ಏನಾದರೊಂದು ತೊಡಕಾಗಿತ್ತು. ಸಾವು ಸಾವಿರಕ್ಕೆ ನಾಲ್ಕು. ಹೆಚ್ಚಾಗಿ ಕಾಡುವುದು ಕರುಳು ಕೆಲಸ ನಿಲ್ಲಿಸುವುದು ಅಥವಾ ಕಟ್ಟಿಕೊಳ್ಳುವುದು, ಗಾಯದ ಕೀವು. ಜೋಡಣೆ ಸೋರುವುದು ಅಪರೂಪ, ಆದರೆ ಸೋರಿದರೆ ದೊಡ್ಡ ತೊಂದರೆ.

ನಾನು ಬೇಸಿಗೆ ರಜೆ ನೋಡಿಕೊಂಡು 2023ರ ಏಪ್ರಿಲ್‌ನಲ್ಲಿ ಮಾಡಿಸಿಕೊಂಡೆ. "ಎರಡು ವಾರದಲ್ಲಿ ನಾರ್ಮಲ್" ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಆ ಮಾತು ನಂಬಿದ್ದೇ ನನ್ನ ತಪ್ಪು.

ಮೊದಲ ಎರಡು ದಿನ ವಾರ್ಡಿಗೆ ಬಂದವರೆಲ್ಲ ಕೇಳಿದ್ದು ಒಂದೇ: "ಗ್ಯಾಸ್ ಹೋಯ್ತಾ?" ಡಾಕ್ಟರು, ಸಿಸ್ಟರು, ಬಾವ, ಕೊನೆಗೆ ಪಕ್ಕದ ಬೆಡ್ಡಿನವರೂ. ಮೂರನೆಯ ದಿನ ಬಿಕ್ಕಳಿಕೆ ಶುರುವಾಗಿ, ಹೊಟ್ಟೆ ತಮಟೆಯಂತಾಗಿ, ಹಸಿರು ವಾಂತಿಯಾಯಿತು. ಮೂಗಿನಿಂದ ಟ್ಯೂಬ್ ಹಾಕಿದರು. ಅದು ಕರುಳಿನ ಮುಷ್ಕರ, ಹಲವರಿಗೆ ಆಗುತ್ತದೆ. ಐದನೆಯ ದಿನ ಬೆಳಗಿನ ಜಾವ ಗ್ಯಾಸ್ ಹೋಯಿತು. ಹೆಂಡತಿ ಮಗಳಿಗೆ ಫೋನ್ ಮಾಡಿ ಸುದ್ದಿ ಹೇಳಿದಳು, ರಿಸಲ್ಟ್ ಬಂದವರ ಹಾಗೆ.

ಚೀಲ ಇದ್ದ ಜಾಗವನ್ನು ಪೂರ್ತಿ ಹೊಲಿಯದೆ, ದುಡ್ಡಿನ ಸಂಚಿಯ ಬಾಯಿಯಂತೆ ಬಿಗಿದು ನಡುವೆ ಸಣ್ಣ ತೂತು ಬಿಡುವ ಪದ್ಧತಿ ಈಗ ಹೆಚ್ಚು, ಕೀವು ಕಟ್ಟುವುದು ಕಡಿಮೆಯಾಗಲಿ ಎಂದು. ಅದು ಒಳಗಿನಿಂದ ತುಂಬಿಕೊಂಡು ಬರಲು ಕೆಲವು ವಾರ ಬೇಕು. ದಿನಾ ಡ್ರೆಸ್ಸಿಂಗ್ ಯಾರು ಮಾಡುತ್ತಾರೆ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ.

ಇನ್ನು ಮನೆಗೆ ಬಂದ ಮೇಲಿನ ಮಾತು. ಮೊದಲ ವಾರ ದಿನಕ್ಕೆ ಹದಿನೆಂಟು, ಇಪ್ಪತ್ತು ಸಲ. ಒಂದೇ ಸಲ ಆಗಬೇಕಾದದ್ದು ಐದು ಕಂತಿನಲ್ಲಿ. ಎದ್ದು ಕೈ ತೊಳೆದು ಬರುವಷ್ಟರಲ್ಲಿ ಮತ್ತೆ. "ಏನ್ರೀ, ಮತ್ತೆ ಹೋದ್ರಾ?" ಎಂಬ ಹೆಂಡತಿಯ ದನಿಯಲ್ಲಿ ಮೊದಲು ಗಾಬರಿ, ಆಮೇಲೆ ನಗು, ಆಮೇಲೆ ಏನೂ ಇಲ್ಲ. ಗ್ಯಾಸೋ ಮಲವೋ ಎಂದು ಗೊತ್ತಾಗುವುದಿಲ್ಲ, ತಡೆಯಲು ಆಗುವುದಿಲ್ಲ. ಚರ್ಮ ಮೆಣಸಿನಕಾಯಿ ಹಚ್ಚಿದಂತೆ ಉರಿಯುತ್ತದೆ. ಇದಕ್ಕೆ ಟಿಶ್ಯೂ ಉಜ್ಜುವುದಕ್ಕಿಂತ ನಮ್ಮ ಚೊಂಬಿನ ನೀರೇ ಮೇಲು. ತೊಳೆದು, ಮೆತ್ತನೆ ಹತ್ತಿಬಟ್ಟೆಯಲ್ಲಿ ಒತ್ತಿ ಒರೆಸಿ, ಜಿಂಕ್ ಆಕ್ಸೈಡ್ ಮುಲಾಮು ದಪ್ಪಗೆ ಹಚ್ಚಿ. ಉರಿ ಶುರುವಾಗುವ ಮುಂಚೆ, ಮೊದಲ ದಿನದಿಂದಲೇ.

ಗುದನಾಳದ ಆಪರೇಷನ್ ಆದ ಮೇಲೆ ಬರುವ ಈ ಕಾಟಕ್ಕೆ ವೈದ್ಯರು ಇಟ್ಟ ಹೆಸರು 'ಲಾರ್ಸ್' (ಲೋ ಆಂಟೀರಿಯರ್ ರಿಸೆಕ್ಷನ್ ಸಿಂಡ್ರೋಮ್). ಡೆನ್ಮಾರ್ಕ್‌ನ ವೈದ್ಯರು 2012ರಲ್ಲಿ ಐದು ಪ್ರಶ್ನೆಗಳ ಅಂಕಪಟ್ಟಿ ಮಾಡಿದರು: ಗ್ಯಾಸ್ ತಪ್ಪುತ್ತದೆಯೇ, ನೀರು ಮಲ ಸೋರುತ್ತದೆಯೇ, ದಿನಕ್ಕೆ ಎಷ್ಟು ಸಲ, ಒಂದು ಗಂಟೆಯೊಳಗೆ ಮತ್ತೆ ಹೋಗಬೇಕೇ, ಓಡಬೇಕಾಗುತ್ತದೆಯೇ. ಒಟ್ಟು 42 ಅಂಕ, 20ರವರೆಗೆ ತೊಂದರೆ ಇಲ್ಲ, 30 ಮತ್ತು ಮೇಲೆ ತೀವ್ರ. ಇಲ್ಲಿ ಹೆಚ್ಚು ಅಂಕ ತೆಗೆದವನೇ ನಪಾಸು. ಗುದನಾಳದ ಆಪರೇಷನ್ ಆದವರಲ್ಲಿ ನೂರಕ್ಕೆ ಸುಮಾರು ನಲವತ್ತು ಜನ ಆ ತೀವ್ರದ ಸಾಲಿಗೆ ಬರುತ್ತಾರೆ. ನನಗೆ ಎರಡನೆಯ ತಿಂಗಳಲ್ಲಿ 37 ಇತ್ತು, ಒಂದು ವರ್ಷಕ್ಕೆ 26ಕ್ಕೆ ಇಳಿಯಿತು.

ಜೂನ್‌ನಲ್ಲಿ ಶಾಲೆ ಶುರುವಾದಾಗ ಪೀರಿಯಡ್ ನಲವತ್ತು ನಿಮಿಷ, ನನ್ನ ಹೊಟ್ಟೆ ಕೊಡುತ್ತಿದ್ದದ್ದು ಇಪ್ಪತ್ತು. ಹೆಡ್‌ಮಾಸ್ಟರಿಗೆ ಹೇಳಿ ಕಕ್ಕಸಿನ ಪಕ್ಕದ ಕೊಠಡಿಗೆ ನನ್ನ ತರಗತಿ ಬದಲಾಯಿಸಿಕೊಂಡೆ, ಸಂಕೋಚ ಬಿಟ್ಟು. ಬ್ಯಾಗಿನಲ್ಲಿ ಇನ್ನೊಂದು ಪ್ಯಾಂಟು, ಪ್ಯಾಡು. ಬೆಳಗಿನ ಕಾಫಿ ಬಿಟ್ಟೆ. ಎರಡು ವಾರ ಏನು ತಿಂದೆ, ಎಷ್ಟು ಸಲ ಹೋದೆ ಎಂದು ಬರೆದಿಟ್ಟಾಗ ಗೊತ್ತಾದದ್ದು ಅದು. ಅನ್ನ ಮೊಸರು, ಬಾಳೆಹಣ್ಣು, ಸಬ್ಬಕ್ಕಿ ಗಂಜಿ ಹಿಡಿದು ನಿಲ್ಲಿಸುತ್ತವೆ. ಹಲಸು, ಜೋಳದ ತೆನೆ, ಅವರೆಕಾಳು, ಕಾಯಿತುರಿಯನ್ನು ಮೊದಲ ಆರು ವಾರ ದೂರ ಇಡಿ. ಮುದ್ದೆಯನ್ನು ನಾನು ಏಳನೆಯ ವಾರದಲ್ಲಿ ನಿಂಬೆಗಾತ್ರದಿಂದ ಶುರುಮಾಡಿದೆ. ಇಸಬ್ಗೋಲು ಮಲವನ್ನು ಒಟ್ಟುಗೂಡಿಸಿ ಕಂತುಗಳನ್ನು ಕಡಿಮೆ ಮಾಡುತ್ತದೆ. ಬೇಧಿ ತಡೆಯುವ ಲೋಪೆರಮೈಡ್ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮುಂಚೆ ತೆಗೆದುಕೊಂಡರೆ ದೂರದ ಪ್ರಯಾಣ ಆಗುತ್ತದೆ, ಪ್ರಮಾಣ ಡಾಕ್ಟರ್ ಹೇಳಲಿ. ಇದರಲ್ಲೂ ಹತೋಟಿಗೆ ಬಾರದವರಿಗೆ ಬಯೋಫೀಡ್‌ಬ್ಯಾಕ್ (ಮಾಂಸಖಂಡದ ಬಿಗಿಯನ್ನು ಯಂತ್ರದಲ್ಲಿ ನೋಡುತ್ತಾ ಹಿಡಿತ ಕಲಿಯುವುದು) ಇದೆ, ಕೆಳಗಿನಿಂದ ನೀರು ಬಿಟ್ಟು ತೊಳೆದುಕೊಳ್ಳುವ ಕ್ರಮ ಇದೆ. ಸುಧಾರಣೆಯ ಹೆಚ್ಚಿನ ಪಾಲು ಮೊದಲ ವರ್ಷದಲ್ಲೇ. ಎರಡು ವರ್ಷ ಆದ ಮೇಲೂ ಬದುಕಲು ಬಿಡದಿದ್ದರೆ ಮತ್ತೆ ಚೀಲಕ್ಕೆ ಹೋಗುವುದೂ ಒಂದು ದಾರಿ, ಹೋದವರು ಇದ್ದಾರೆ.

ಆರರಿಂದ ಎಂಟು ವಾರ ತುಂಬಿದ ಕೊಡ, ಸಿಲಿಂಡರ್, ಅಕ್ಕಿಮೂಟೆ ಮುಟ್ಟಬೇಡಿ. ಗಾಯದ ಜಾಗದಲ್ಲಿ ಹರ್ನಿಯಾ ಬರುವುದು ಸುಲಭ. ಸ್ಕೂಟರ್ ಒಂದೂವರೆ ತಿಂಗಳ ಮೇಲೆ ಸಾಕು. ಗ್ಯಾಸೂ ಮಲವೂ ನಿಂತು ವಾಂತಿ ಶುರುವಾದರೆ, ಹೊಟ್ಟೆ ಬಿಗಿದರೆ, ಜ್ವರ ಬಂದು ಎದೆ ಬಡಿತ ಏರಿದರೆ ಲೋಪೆರಮೈಡ್ ನುಂಗುತ್ತಾ ಮನೆಯಲ್ಲಿ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ದುಡ್ಡಿನ ಲೆಕ್ಕ

ಚೀಲದ ಖರ್ಚು ತಿಂಗಳಿಗೆ ನಮ್ಮ ಮನೆಯಲ್ಲಿ ಎರಡೂವರೆ ಸಾವಿರದ ಆಸುಪಾಸು ಬೀಳುತ್ತಿತ್ತು: ಚರ್ಮಕ್ಕೆ ಅಂಟುವ ಪ್ಲೇಟು ಮೂರ್ನಾಲ್ಕು ದಿನಕ್ಕೊಂದು, ಚೀಲ, ಪೇಸ್ಟು, ಪೌಡರು. ಮುಚ್ಚಿಸುವುದು ಬೇರೆಯೇ ಅಡ್ಮಿಷನ್, ಬೇರೆಯೇ ಮಂಜೂರಾತಿ. ಮೊದಲ ಆಪರೇಷನ್ ಯೋಜನೆಯಲ್ಲಿ ಆಯಿತು, ಇದೂ ತಾನಾಗಿ ಆಗುತ್ತದೆ ಎಂದು ನಂಬಿ ಬಂದು ಕೌಂಟರಿನಲ್ಲಿ ಪೇಚಾಡಿದವರನ್ನು ನೋಡಿದ್ದೇನೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ. ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯಮಿತ್ರರನ್ನು ಒಂದು ತಿಂಗಳು ಮುಂಚೆ ಕಂಡು, ಸ್ಟೋಮಾ ಮುಚ್ಚುವುದು ಯಾವ ಪ್ಯಾಕೇಜಿನಲ್ಲಿ ಬರುತ್ತದೆ, ರೆಫರಲ್ ಬೇಕೇ ಎಂದು ಕೇಳಿ. ಖರ್ಚಿನ ಪಟ್ಟಿಗೆ ಸಂಬಳವಿಲ್ಲದ ಎರಡು ತಿಂಗಳನ್ನೂ ಸೇರಿಸಿ. ದಿನಗೂಲಿಯವರಿಗೆ ಆಪರೇಷನ್‌ಗಿಂತ ಅದೇ ಭಾರ. ಮನೆಯಲ್ಲಿ ಕಮೋಡ್ ಇಲ್ಲದಿದ್ದರೆ ನಡುವೆ ತೂತಿರುವ ಕುರ್ಚಿಯೊಂದನ್ನು ಮುಂಚೆಯೇ ತಂದಿಟ್ಟುಕೊಳ್ಳಿ. ದಿನಕ್ಕೆ ಹದಿನೈದು ಸಲ ಕುಕ್ಕರಗಾಲಲ್ಲಿ ಕೂರಲು ಹೊಟ್ಟೆಯ ಹೊಲಿಗೆ ಒಪ್ಪುವುದಿಲ್ಲ.

ಮತ್ತೆ, ಆಪರೇಷನ್‌ಗೆ ಹೋಗುವ ಸಂಭ್ರಮದಲ್ಲಿ ಮಿಕ್ಕ ಚೀಲಗಳನ್ನು ಯಾರಿಗೂ ಕೊಟ್ಟುಬಿಡಬೇಡಿ. ಜೋಡಣೆ ಕೈಕೊಟ್ಟರೆ ಮತ್ತೆ ಬೇಕಾಗುತ್ತದೆ. ನಾನು ಮೂರು ತಿಂಗಳು ಬೀರುವಿನಲ್ಲಿ ಇಟ್ಟಿದ್ದೆ. ಆಮೇಲೆ ಮಧುಗಿರಿಯ ಒಬ್ಬರು ಬಂದು ಒಯ್ದರು, 57 ಮಿ.ಮೀ. ಅಳತೆಯ ಆರು ಪ್ಲೇಟು, ಎಂಟು ಚೀಲ. ಡಬ್ಬಿಯ ಮೇಲಿನ ತಾರೀಕು ನೋಡಿಯೇ ಕೊಟ್ಟೆ, ಅಂಟು ಹಳೆಯದಾದರೆ ಹಿಡಿಯುವುದಿಲ್ಲ.